ಅರಣ್ಯದಾಚೆಯ ಅಭಯ

ಕ್ರೌಂಚದ ಸಾವಿನಿಂದ ಶೋಕವು ಶ್ಲೋಕವಾದ ಕಥೆ ನಮಗೆ ಗೊತ್ತು. ವಾಲ್ಮೀಕಿಯ ಎದುರಿಗೆ ಬಾಣ ಬಿಟ್ಟ ಬೇಡನಿದ್ದ. ಶಾಪ ಯಾರಿಗೆಂಬುದು ಸ್ಪಷ್ಟವಿತ್ತು. ಆಲ್ಡೊ ಲಿಯೊಪೋಲ್ಡ್ 1937ರಲ್ಲಿ ಪ್ರಕಟಿಸಿದ ‘ಮಾರ್ಷ್‌ಲ್ಯಾಂಡ್ ಎಲಿಜಿ’ ಕೂಡ ಕ್ರೌಂಚಶೋಕವೇ. ಆದರೆ ಅಲ್ಲಿ ಒಬ್ಬ ಬೇಡನಿಲ್ಲ. ವಿಸ್ಕಾನ್ಸಿನ್‌ನ ಜೌಗು ಬಸಿದು ಹೊಲ ಮಾಡಿದವರು, ರಸ್ತೆ ಹಾಕಿದವರು, ಕಡೆಗೆ ಪ್ರೀತಿಯಿಂದ ನೋಡಲು ಬಂದವರು ಎಲ್ಲರೂ ಪಾಲುದಾರರು. ಕೊನೆಯ ಕ್ರೌಂಚದ ನಿರ್ಗಮನವನ್ನು ಕಲ್ಪಿಸಿಕೊಂಡು ಪ್ರಬಂಧ ಮುಗಿಯುತ್ತದೆ. ಆ ಸುಂದರ ಮುಕ್ತಾಯವನ್ನು ನಾನೀಗ ಕೊಂಚ ಅನುಮಾನದಿಂದಲೇ ಓದುತ್ತೇನೆ.

ಕಾರಣ, ಅದೇ ರಾಜ್ಯದ ನೆಸೀಡಾ ವನ್ಯಜೀವಿಧಾಮ. 1939ರಲ್ಲಿ ಸ್ಥಾಪನೆಯಾದ ಅಲ್ಲಿ ಓಕ್-ಪೈನ್ ಕಾಡು, ಹುಲ್ಲುಬಯಲು, ಜೌಗು ಮೂರೂ ಅಕ್ಕಪಕ್ಕದಲ್ಲಿವೆ. ನಾನು ಹೋದ ದಿನ ಸ್ಯಾಂಡ್‌ಹಿಲ್ ಕ್ರೌಂಚಗಳು ಜೋಡಿಯಾಗಿ ಮೇಯುತ್ತಿದ್ದವು. ಲಿಯೊಪೋಲ್ಡ್ ಶೋಕಿಸಿದ್ದು ಇವುಗಳಿಗಾಗಿಯೇ. ಆದರೆ ಅದು ಮನುಷ್ಯ ಮುಟ್ಟದ ನಿಸರ್ಗವೇನಲ್ಲ. ಒಡ್ಡು ತೂಬುಗಳಿಂದ ನೀರಿನ ಮಟ್ಟ ಕಾಯುತ್ತಾರೆ. ಬಯಲಿಗೆ ಬೇಕೆಂದೇ ಬೆಂಕಿಯಿಡುತ್ತಾರೆ; ಮರಗಳು ಕವಿದುಕೊಂಡರೆ ಕಾಡು ಲುಪಿನ್ ಹೋಗುತ್ತದೆ, ಅದರ ಎಲೆಯೊಂದನ್ನೇ ತಿನ್ನುವ ಕಾರ್ನರ್ ಬ್ಲೂ ಚಿಟ್ಟೆಯ ಹುಳುವೂ ಹೋಗುತ್ತದೆ. 2001ರಿಂದ ವೂಪಿಂಗ್ ಕ್ರೌಂಚದ ಮರಿಗಳಿಗೆ ಪುಟ್ಟ ವಿಮಾನ ಹಾರಿಸಿ ಫ್ಲಾರಿಡಾದ ದಾರಿ ಕಲಿಸಿದ್ದೂ ಇಲ್ಲಿಂದಲೇ. ಆ ಕ್ರಮ ತೀರಾ ಕೃತಕವೆನಿಸಿ 2016ರಲ್ಲಿ ಕೈಬಿಟ್ಟರು. ಇಲ್ಲಿ ಅಭಯವೆಂದರೆ ವರ್ಷವರ್ಷವೂ ಮಾಡಿ, ತಪ್ಪಿ, ತಿದ್ದಿಕೊಳ್ಳುವ ದುಡಿಮೆ. ಚರಮಗೀತೆಗೆ ಈ ದುಡಿಮೆ ಒಗ್ಗುವುದಿಲ್ಲ. ಅದಕ್ಕೊಂದು ಅಂತ್ಯ ಬೇಕು.

ಹಾಗೆಂದು ಲಿಯೊಪೋಲ್ಡ್ ಬರೀ ಶೋಕದ ಲೇಖಕರಲ್ಲ. ಈ ಪ್ರಬಂಧವನ್ನು ಒಳಗೊಂಡು 1949ರಲ್ಲಿ ಬಂದ ‘ಎ ಸ್ಯಾಂಡ್ ಕೌಂಟಿ ಅಲ್ಮನ್ಯಾಕ್’ನಲ್ಲಿಯೇ ಸವೆದ ಜಮೀನಿನಲ್ಲಿ ಪೈನ್ ನೆಡುವ, ಕೊಡಲಿ ಹಿಡಿದು ಯಾವ ಮರ ಉಳಿಯಬೇಕೆಂದು ಯೋಚಿಸುವ ಲಿಯೊಪೋಲ್ಡ್ ಇದ್ದಾರೆ. ನಾವು ಉದ್ಧರಿಸುವುದು ಶೋಕವನ್ನು. ಕಲಿಯಬೇಕಾದದ್ದು ಆ ಕೊಡಲಿಯ ಹಿಂಜರಿಕೆಯನ್ನು.

ಕನ್ನಡದಲ್ಲಿ ಈ ಪ್ರಶ್ನೆ ಪದದಿಂದಲೇ ಶುರುವಾಗುತ್ತದೆ. ‘ಅಭಯಾರಣ್ಯ’ದೊಳಗೆ ಅರಣ್ಯ ಸೇರಿಕೊಂಡಿದೆ, ಮರವಿಲ್ಲದ ನೆಲ ನಮಗೆ ಬಂಜರು, ಪಾಳು. ಬಯಲಿನ ಪ್ರಾಣಿಯಾದ ಕೃಷ್ಣಮೃಗಕ್ಕೆಂದು ಮೀಸಲಾದ ರಾಣೆಬೆನ್ನೂರಿನಲ್ಲೂ ನೀಲಗಿರಿ ತೋಪುಗಳು ಎದ್ದು ನಿಂತದ್ದು ಈ ನೋಟದ ಫಲವೆಂದೇ ನನಗನ್ನಿಸುತ್ತದೆ. ಇದಕ್ಕೆ ಮದ್ದೂ ನಮ್ಮ ನುಡಿಯಲ್ಲೇ ಇದೆ. ಚಿತ್ರದುರ್ಗದ ಕಡೆಯ ಅಮೃತಮಹಲ್ ಕಾವಲುಗಳನ್ನು ನೆನೆಯಿರಿ. ಹುಲ್ಲುಗಾವಲು ಎಂಬ ಮಾತಿನಲ್ಲಿ ಹುಲ್ಲಿದೆ, ಅದನ್ನು ಕಾಯುವ ಕೆಲಸವೂ ಇದೆ. ನಮ್ಮ ಪರಿಸರ ಬರವಣಿಗೆ ಅಳುವುದಕ್ಕೆ ಮೊದಲು ಈ ಪದದ ಅರ್ಥವನ್ನು ಪೂರ್ತಿ ಬಳಸಿ ನೋಡಬೇಕು.