ಕುರುಚಲು ಕಾಡಿನ ಕಣ್ಣು: ಎಂ. ಕೃಷ್ಣನ್, ಬಿ.ಜಿ.ಎಲ್. ಸ್ವಾಮಿ ಮತ್ತು ಕೋಲಾರ ಸೀಮೆಯ ನಿಸರ್ಗ

ಆಧುನಿಕ ಕನ್ನಡ ಗದ್ಯದಲ್ಲಿ 'ಕಾಡು' ಎಂಬ ಶಬ್ದ ಬಂದೊಡನೆ ಓದುಗನ ಮನಸ್ಸು ಸಹ್ಯಾದ್ರಿಯ ಕಡೆಗೆ ಹೊರಳುತ್ತದೆ. ಕಾರಂತರ 'ಬೆಟ್ಟದ ಜೀವ' (1943), ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967), ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) - ಈ ಮೂರೂ ಕೃತಿಗಳ ನಡುವಿನ ಅಂತರ ದೊಡ್ಡದು. ಆದರೆ ಮೂರರಲ್ಲಿಯೂ ಮಳೆ ಒಂದೇ. ಈ ಮಳೆಗಾಡು ಕನ್ನಡದ ನಿಸರ್ಗಪ್ರಜ್ಞೆಯನ್ನು ರೂಪಿಸಿದ್ದು ಎಷ್ಟು ನಿಜವೋ, ಅದನ್ನು ಒಂದು ಮಿತಿಗೆ ಒಳಪಡಿಸಿದ್ದೂ ಅಷ್ಟೇ ನಿಜ. ಬಯಲುಸೀಮೆಯ ಪೂರ್ವದ ಅಂಚಿನಲ್ಲಿರುವ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳು ಕನ್ನಡಕ್ಕೆ ಸಾಹಿತಿಗಳನ್ನು ಕೊಟ್ಟಿವೆ. ಮಾಸ್ತಿಯವರು ಮಾಲೂರು ತಾಲ್ಲೂಕಿನವರು, ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಮುಳಬಾಗಿಲಿನಲ್ಲಿ. ಇಷ್ಟಾದರೂ ಈ ಸೀಮೆಯ ಬಂಡೆ, ಕುರುಚಲು, ಕೆರೆ, ಹಕ್ಕಿಗಳು ಕನ್ನಡದ ನಿಸರ್ಗಸಾಹಿತ್ಯದಲ್ಲಿ ಮಲೆನಾಡಿನವುಗಳಂತೆ ತಳವೂರಲಿಲ್ಲ. ಮಾಸ್ತಿಯವರ ಕಣ್ಣು ಮನುಷ್ಯನ ಮೇಲಿತ್ತು. ಗುಂಡಪ್ಪನವರ ಕಣ್ಣು ಮನುಷ್ಯನ ಆಚೆಗಿನದರ ಮೇಲಿತ್ತು. ನಡುವೆ ಇರುವ ಗೌಜಲಕ್ಕಿ ಇಬ್ಬರ ಕೈಗೂ ಸಿಗದೆ ಪೊದೆಯೊಳಗೆ ಉಳಿಯಿತು.

ಇದು ನೆಲದ ಕೊರತೆಯೋ, ನೋಟದ ಕೊರತೆಯೋ ಎಂಬುದು ಇಲ್ಲಿನ ಪ್ರಶ್ನೆ. ಉತ್ತರಕ್ಕಾಗಿ ಕನ್ನಡದ ಹೊರಗಿನ ಒಬ್ಬ ಪಕ್ಷಿಪ್ರೇಮಿ ಲೇಖಕನನ್ನೂ, ಕನ್ನಡದ ಒಳಗಿನ ಒಬ್ಬ ಸಸ್ಯವಿಜ್ಞಾನಿಯನ್ನೂ ಜೊತೆಯಾಗಿಟ್ಟು ನೋಡುವುದು ಉಪಯುಕ್ತ. ಇಬ್ಬರೂ ನಗರವಾಸಿಗಳು. ಇಬ್ಬರೂ ತಮ್ಮ ಬರಹಗಳಿಗೆ ತಾವೇ ಚಿತ್ರ ಬರೆದುಕೊಂಡವರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗ ಇಬ್ಬರಿಗೂ ಸಂಬಂಧಿಸಿದ್ದು: ಒಬ್ಬರು ಅಲ್ಲಿ ವಿದ್ಯಾರ್ಥಿ, ಸುಮಾರು ಎರಡು ದಶಕಗಳ ತರುವಾಯ ಇನ್ನೊಬ್ಬರು ಅಲ್ಲಿ ಪ್ರಾಧ್ಯಾಪಕ.

ಎಂ. ಕೃಷ್ಣನ್ (1912-1996) ತಮಿಳಿನ ಆದ್ಯ ಕಾದಂಬರಿಕಾರರಲ್ಲೊಬ್ಬರಾದ ಎ. ಮಾಧವಯ್ಯನವರ ಮಗ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರಿಗೆ ಗುರುವಾಗಿ ದೊರೆತವರು ನೀಲಗಿರಿ ಮತ್ತು ಪಳನಿ ಬೆಟ್ಟಗಳ ಸಸ್ಯಸಂಪತ್ತನ್ನು ಕುರಿತು ಗ್ರಂಥ ರಚಿಸಿದ ಪಿ.ಎಫ್. ಫೈಸನ್. ಆ ಗ್ರಂಥದ ಚಿತ್ರಗಳಲ್ಲಿ ಫೈಸನ್ನರ ಪತ್ನಿಯ ಪಾಲು ಗಣನೀಯವಾದದ್ದು; ಕೃಷ್ಣನ್ ಜಲವರ್ಣದ ಪಾಠ ಕಲಿತದ್ದು ಆಕೆಯಿಂದಲೇ. ವಿಜ್ಞಾನವನ್ನು ಗಂಡನಿಂದಲೂ ಕಲೆಯನ್ನು ಹೆಂಡತಿಯಿಂದಲೂ ಪಡೆದ ಈ ಸಂದರ್ಭ ಅವರ ಮುಂದಿನ ಬರವಣಿಗೆಯ ಸ್ವರೂಪವನ್ನು ನಿರ್ಣಯಿಸಿತೆನ್ನಬೇಕು. ಸಸ್ಯಶಾಸ್ತ್ರದ ಚಿತ್ರ ಅಲಂಕಾರವಲ್ಲ, ಅದೊಂದು ಸಾಕ್ಷ್ಯ. ದಳ ಐದಿದ್ದರೆ ಐದೇ ಬರೆಯಬೇಕು. ಈ ಶಿಸ್ತನ್ನು ಕೃಷ್ಣನ್ ಹೂವಿನಿಂದ ಹಕ್ಕಿಗೆ ವರ್ಗಾಯಿಸಿಕೊಂಡರು.

ಕನ್ನಡದ ಓದುಗರಿಗೆ ಮಹತ್ವದ್ದಾಗಬೇಕಾದ ಸಂಗತಿ ಇನ್ನೊಂದಿದೆ. 1942ರಿಂದ ಆ ದಶಕದ ಕೊನೆಯವರೆಗೆ ಕೃಷ್ಣನ್ ಕೆಲಸ ಮಾಡಿದ್ದು ಇಂದಿನ ಕರ್ನಾಟಕಕ್ಕೆ ಸೇರಿದ ಸಂಡೂರು ಸಂಸ್ಥಾನದಲ್ಲಿ. ಶಾಲಾ ಶಿಕ್ಷಕ, ನ್ಯಾಯಾಧೀಶ, ಪ್ರಚಾರಾಧಿಕಾರಿ, ಅರಸರ ಕಾರ್ಯದರ್ಶಿ - ಹೀಗೆ ಹಲವು ಹುದ್ದೆಗಳು ಅವರ ಪಾಲಿಗೆ ಬಂದವು. ಸಣ್ಣ ಸಂಸ್ಥಾನಗಳಲ್ಲಿ ಒಬ್ಬನೇ ವಿದ್ಯಾವಂತ ನಾಲ್ಕು ಕುರ್ಚಿಗಳನ್ನು ತುಂಬುವುದು ಅಪರೂಪವಾಗಿರಲಿಲ್ಲ. ಸಂಡೂರು ಮಳೆಗಾಡಲ್ಲ, ಒಣ ಎಲೆಯುದುರು ಕಾಡು, ಮುಳ್ಳು ಪೊದೆ, ಕಬ್ಬಿಣದ ಅದಿರಿನ ಕೆಂಪು ಬೆಟ್ಟಗಳ ನಾಡು. ಸಂಸ್ಥಾನ ವಿಲೀನವಾದ ಮೇಲೆ ಮದರಾಸಿಗೆ ಮರಳಿ, 1950ರಲ್ಲಿ 'ದಿ ಸ್ಟೇಟ್ಸ್‌ಮನ್' ಪತ್ರಿಕೆಯಲ್ಲಿ 'ಕಂಟ್ರಿ ನೋಟ್‌ಬುಕ್' ಎಂಬ ಅಂಕಣವನ್ನು ಅವರು ಆರಂಭಿಸಿದರು; ಸಾಯುವವರೆಗೆ, ಅಂದರೆ 46 ವರ್ಷ, ಅದು ನಡೆಯಿತು. ಅಂಕಣದ ಹೆಸರಿನಲ್ಲಿ ಹಳ್ಳಿಗಾಡು, ಬರೆದದ್ದು ಮಹಾನಗರದಲ್ಲಿ. 1961ರ ಅವರ ಪುಸ್ತಕದ ಶೀರ್ಷಿಕೆ 'ಜಂಗಲ್ ಅಂಡ್ ಬ್ಯಾಕ್‌ಯಾರ್ಡ್'. ಕಾಡನ್ನೂ ಹಿತ್ತಿಲನ್ನೂ ಒಂದೇ ಉಸಿರಿನಲ್ಲಿ ಹೇಳುವ ಈ ಶೀರ್ಷಿಕೆಯೇ ಒಂದು ವಿಮರ್ಶಾ ನಿಲುವು. ವನ್ಯವೆಂಬುದು ದೂರದಲ್ಲಿರುವ ವಸ್ತುವಲ್ಲ, ಅದು ಒಂದು ಬಗೆಯ ಗಮನ ಎಂಬುದು ಅದರ ಅರ್ಥ. ಕಾಗೆ, ಗೊರವಂಕ, ಅಳಿಲು, ಸಂಜೆ ಪೊಟರೆಯಿಂದ ಇಣುಕುವ ಪುಟ್ಟ ಗೂಬೆ - ಇವುಗಳ ಮೇಲೆ ಅವರು ವ್ಯಯಿಸಿದ ಶ್ರದ್ಧೆ ಕಾಡಾನೆಯ ಮೇಲೆ ವ್ಯಯಿಸಿದ್ದಕ್ಕಿಂತ ಕಡಿಮೆಯದಲ್ಲ.

ಕೃಷ್ಣನ್ನರ ಗದ್ಯದ ಶಕ್ತಿ ಇರುವುದು ಅದರ ಸಂಯಮದಲ್ಲಿ. ಹಕ್ಕಿ ಏನು ಮಾಡಿತು ಎಂಬುದನ್ನು ಹೇಳಿದ ಮೇಲೆ, ಅದು ಏಕೆ ಮಾಡಿತು ಎಂದು ಹೇಳುವ ಮುನ್ನ ಅವರು ನಿಲ್ಲುತ್ತಾರೆ. ಈ ನಿಲುಗಡೆ ವಿಜ್ಞಾನದಿಂದ ಬಂದದ್ದು. ಪಕ್ಷಿಯ ಮೇಲೆ ಮನುಷ್ಯನ ವಿರಹ, ಭಕ್ತಿ, ತಾಯ್ತನಗಳನ್ನು ಹೊರಿಸುವ ಭಾರತೀಯ ಕಾವ್ಯಪರಂಪರೆ ಅವರಿಗೆ ಅಪರಿಚಿತವಾಗಿರಲಿಲ್ಲ. ಮಾಧವಯ್ಯನವರ ಮನೆಯಲ್ಲಿ ಬೆಳೆದವರಿಗೆ ಅದು ಅಪರಿಚಿತವಾಗಿರುವುದು ಸಾಧ್ಯವೂ ಇಲ್ಲ. ಆದರೂ ಚಾತಕವನ್ನು ಕುರಿತು ಬರೆಯುವಾಗ ಮಳೆಹನಿಗೆ ಬಾಯ್ದೆರೆಯುವ ಕವಿಸಮಯದ ಹಕ್ಕಿಗಿಂತ, ಅನ್ಯರ ಗೂಡಿನಲ್ಲಿ ಮೊಟ್ಟೆಯಿಡುವ ನಿಜದ ಹಕ್ಕಿ ಇಂಥ ಬರಹಗಾರನಿಗೆ ಹೆಚ್ಚು ವಿಸ್ಮಯಕಾರಿ. ಛಾಯಾಗ್ರಹಣದಲ್ಲೂ ಇದೇ ಹಟ: ಬಣ್ಣದ ಕಾಲ ಬಂದ ಮೇಲೂ ಕಪ್ಪು-ಬಿಳುಪನ್ನು ಬಿಡಲಿಲ್ಲ, ಬಿಡಿಭಾಗಗಳನ್ನು ತಾವೇ ಜೋಡಿಸಿ ಮಾಡಿಕೊಂಡ ಭಾರವಾದ ಕ್ಯಾಮೆರಾಕ್ಕೆ 'ಸೂಪರ್ ಪಾಂಡೆರೋಸಾ' ಎಂದು ತಮಾಷೆಯ ಹೆಸರಿಟ್ಟಿದ್ದರು. ಬಣ್ಣ ತೆಗೆದರೆ ಉಳಿಯುವುದು ಆಕಾರ, ನಿಲುವು, ನೆರಳು. ಅವರ ಗೆರೆಚಿತ್ರವನ್ನು, ಛಾಯಾಚಿತ್ರವನ್ನು, ವಾಕ್ಯವನ್ನು ಒಟ್ಟಿಗೆ ನೋಡಿದರೆ ಮೂರರ ಹಿಂದೆಯೂ ಕೆಲಸ ಮಾಡಿರುವುದು ಒಂದೇ ಕೈ ಎಂಬುದು ತಿಳಿಯುತ್ತದೆ.

ದೋಷಗಳಿಲ್ಲವೆಂದಲ್ಲ. ಸ್ವದೇಶಿ ಗಿಡಮರಗಳ ಪರವಾದ ಅವರ ವಾದ ಕೆಲವೆಡೆ ಛಲದ ರೂಪ ತಾಳುತ್ತದೆ. ಅದಕ್ಕಿಂತ ಮುಖ್ಯವಾದ ಕೊರತೆಯೆಂದರೆ, ಅವರ ಕಾಡಿನಲ್ಲಿ ಜನ ವಿರಳ. ಹಕ್ಕಿಯ ಚಲನವಲನವನ್ನು ಅಷ್ಟು ಸೂಕ್ಷ್ಮವಾಗಿ ಬಲ್ಲ ಲೇಖಕನಿಗೆ ಅದೇ ಪೊದೆಯಲ್ಲಿ ಸೌದೆ ಆಯುವ ಹೆಂಗಸಿನ ಮಾತು ಅಷ್ಟಾಗಿ ಕೇಳಿಸುವುದಿಲ್ಲ. ಏಕಾಂಗಿಯಾಗಿ ನೋಡುವವನ ಬೆಲೆ ಇದು.

ಇಲ್ಲಿ ಬಿ.ಜಿ.ಎಲ್. ಸ್ವಾಮಿಯವರು ನೆರವಿಗೆ ಬರುತ್ತಾರೆ. ಮುಳಬಾಗಿಲಿನ ಗುಂಡಪ್ಪನವರ ಮಗ, ಬೆಳೆದದ್ದು ಬೆಂಗಳೂರಿನಲ್ಲಿ, ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿಯವರೊಂದಿಗೆ ಸಂಶೋಧನೆ, 1953ರಿಂದ ಮದರಾಸಿನಲ್ಲಿ ಪ್ರಾಧ್ಯಾಪಕ. ತಮ್ಮ ಶೋಧನೆಯ ಒಂದು ಸಸ್ಯಕ್ಕೆ ಬೈಲಿಯವರ ಹೆಸರನ್ನು ಇಟ್ಟವರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಹಸುರು ಹೊನ್ನು' ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡಿಗೆ ಹೋದ ಮೇಷ್ಟರ ಕಥನ. ಅಲ್ಲಿ ಸಸ್ಯದಷ್ಟೇ ಜನರೂ ಇದ್ದಾರೆ: ಹುಡುಗರ ಪೀಕಲಾಟ, ಅಡುಗೆಯ ಅವಾಂತರ, ಗಿಡದ ಹೆಸರನ್ನು ತಪ್ಪಾಗಿ ಹೇಳುವ ಪಂಡಿತರು. ಕೃಷ್ಣನ್ ಮೌನವಾಗಿ ನೋಡಿದ್ದನ್ನು ಸ್ವಾಮಿ ಗದ್ದಲದ ನಡುವೆ ನೋಡಿದರು. ಹಾಸ್ಯ ಅವರಲ್ಲಿ ಅಲಂಕಾರವಾಗಿ ಬಂದದ್ದಲ್ಲ. ಪಾರಿಭಾಷಿಕ ಶಬ್ದದ ಬಿಗಿಯನ್ನು ಸಡಿಲಿಸಿ ಅದನ್ನು ಕನ್ನಡದೊಳಕ್ಕೆ ಇಳಿಸುವ ಉಪಾಯವಾಗಿ ಬಂದದ್ದು. ಅವರ ಗೆರೆಚಿತ್ರಗಳೂ ಇದೇ ಕೆಲಸ ಮಾಡುತ್ತವೆ. ಎಲೆಯ ಅಂಚನ್ನು ಮಾತಿನಲ್ಲಿ ಹೇಳಲು ಕನ್ನಡಕ್ಕೆ ಇನ್ನೂ ಶಬ್ದವಿಲ್ಲದ ಕಡೆ ಗೆರೆ ಬರುತ್ತದೆ.

ಹಾಗಿದ್ದೂ ಸ್ವಾಮಿಯವರ ಕಾಡು ಮುಖ್ಯವಾಗಿ ಪಶ್ಚಿಮ ಘಟ್ಟದ್ದು. ಪೂರ್ವಜರ ಮುಳಬಾಗಿಲಿನ ಮುಳ್ಳುಪೊದೆ ಅವರಿಂದ ಒಂದು 'ಹಸುರು ಹೊನ್ನ'ನ್ನು ಬರೆಸಲಿಲ್ಲ. ಒಣನೆಲದ ಸಸ್ಯಗಳು ಅವರ ಬರವಣಿಗೆಗೆ ಇನ್ನೊಂದು ದಾರಿಯಿಂದ ಪ್ರವೇಶ ಪಡೆದವೆನ್ನಬಹುದು. ಶಾಸನಗಳಲ್ಲಿ ಗಿಡಮರಗಳ ಹೆಸರುಗಳನ್ನು ಹುಡುಕಿದ ಅವರ ಕೃತಿ, ದತ್ತಿಯ ಎಲ್ಲೆಯನ್ನು ಗುರುತಿಸಲು ಮರವನ್ನು ಹೆಸರಿಸುವ ರೂಢಿಯತ್ತ ಓದುಗನ ಗಮನ ಸೆಳೆಯುತ್ತದೆ. 1905ರಲ್ಲಿ ಬಿ.ಎಲ್. ರೈಸ್ 'ಎಪಿಗ್ರಾಫಿಯ ಕರ್ನಾಟಿಕ'ದ ಒಂದು ಸಂಪುಟವನ್ನೇ ಕೋಲಾರ ಜಿಲ್ಲೆಗೆ ಮೀಸಲಿಟ್ಟರು. ಆವನಿ, ಕುರುಡುಮಲೆ, ಕೋಲಾರಗಳ ಕಲ್ಲುಗಳು ಇತಿಹಾಸಕಾರರ ಕೈಗೆ ಸಿಕ್ಕಿ ನೂರು ವರ್ಷ ಮೀರಿದೆ; ಅದೇ ಕಲ್ಲುಬಂಡೆಗಳ ಸಂದಿನಲ್ಲಿ ಬದುಕುವ ಜೀವಿಗಳು ಸಾಹಿತಿಗಳ ಕೈಗೆ ಸಿಕ್ಕಿಲ್ಲ.

ಅವು ಸಾಮಾನ್ಯ ಜೀವಿಗಳೂ ಅಲ್ಲ. 1845ರಲ್ಲಿ ಜೆರ್ಡನ್ ವಿಜ್ಞಾನಕ್ಕೆ ಪರಿಚಯಿಸಿದ ಹಳದಿ ಕೊರಳಿನ ಪಿಕಳಾರ ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಇಲ್ಲ. ಜುಟ್ಟಿಲ್ಲದ, ಹಳದಿ ತಲೆಯ, ಬೂದು-ಹಸಿರು ಮೈಯ ಈ ಹಕ್ಕಿಗೆ ಬೇಕಾದದ್ದು ದಟ್ಟಡವಿಯಲ್ಲ. ಬಂಡೆ ಮತ್ತು ಬಂಡೆಯ ಬುಡದ ಪೊದೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಗುವವರೆಗೆ ಕೋಲಾರ ಜಿಲ್ಲೆಯಲ್ಲೇ ಇದ್ದ ನಂದಿಬೆಟ್ಟಕ್ಕೆ ಬೆಂಗಳೂರಿನ ಪಕ್ಷಿವೀಕ್ಷಕರು ಇದನ್ನು ಹುಡುಕಿಕೊಂಡೇ ಹೋಗುತ್ತಾರೆ. ಆದರೆ ಕಡತದ ಭಾಷೆಯಲ್ಲಿ ಈ ಬಗೆಯ ನೆಲ ಪಾಳು, ಬಂಜರು, ಖರಾಬು. ಆ ಶಬ್ದಗಳೇ ಅದರ ವಿಧಿಯನ್ನು ಬರೆದವು. ಕಲ್ಲುಗಣಿಗೆ ಕೊಡಬಹುದಾದ್ದು ಖರಾಬು. ನೀಲಗಿರಿ ನೆಡಬಹುದಾದ್ದು ಬಂಜರು. ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟಕ್ಕೆ ಬಂದಿತೆಂಬ ಪ್ರತೀತಿಯಿರುವ ಈ ಮರ 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಕೋಲಾರದ ಹೊಲಗಳಿಗೂ ಹಬ್ಬಿತು. ಅದರ ವಿರುದ್ಧ ರೈತ ಸಂಘ ಚಳವಳಿ ಹೂಡಿತು; ಸರ್ಕಾರ ಹೊಸ ನೆಡುತೋಪುಗಳನ್ನು ನಿಷೇಧಿಸಿದ್ದು 2017ರಲ್ಲಿ. ಕೃಷ್ಣನ್ನರ ಸ್ವದೇಶಿ ಛಲವನ್ನು ದೋಷವೆಂದು ಕರೆದ ವಿಮರ್ಶೆ, ಮಾಲೂರಿನ ರಸ್ತೆಯ ಎರಡೂ ಬದಿಯ ನೀಲಗಿರಿ ಸಾಲನ್ನು ನೋಡಿದ ಮೇಲೆ ಆ ಮಾತನ್ನು ತುಸು ಮೆತ್ತಗೆ ಹೇಳಬೇಕಾಗುತ್ತದೆ.

ಪ್ರೀತಿಸಲು ಸುಲಭವಾದ ಜೀವಿಯ ಬಗ್ಗೆ ಬರೆಯುವುದು ಸುಲಭ. ಹಾಗಲ್ಲದ್ದೂ ಇಲ್ಲಿದೆ. 1994ರಲ್ಲಿ ಕಾಕ್ ಮತ್ತು ಭಟ್ ಎಂಬ ವಿಜ್ಞಾನಿಗಳು ವಿವರಿಸಿದ ಕೋಲಾರದ ಎಲೆಮೂಗಿನ ಬಾವಲಿ ಇಂದು ಇಡೀ ಜಗತ್ತಿನಲ್ಲಿ ಉಳಿದಿರುವುದು ಈ ಜಿಲ್ಲೆಯ ಹನುಮನಹಳ್ಳಿಯ ಗ್ರಾನೈಟ್ ಗುಹೆಯಲ್ಲಿ ಮಾತ್ರ ಎಂದು ತಿಳಿಯಲಾಗಿದೆ. ಸಂಖ್ಯೆ ಇನ್ನೂರಕ್ಕೂ ಕಡಿಮೆಯೆಂಬ ಅಂದಾಜಿದೆ. ಅಳಿವಿನ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯಲ್ಲಿ ಅದಕ್ಕೆ ಅತ್ಯಂತ ಗಂಭೀರವಾದ ಸ್ಥಾನ. ಹುಲಿಗೆ ಇರುವ ಪುರಾಣ ಅದಕ್ಕಿಲ್ಲ, ನವಿಲಿಗಿರುವ ಕಾವ್ಯವಿಲ್ಲ. ಹೆಸರಿನಲ್ಲಿ ಊರಿದೆ, ಊರಿನ ಸಾಹಿತ್ಯದಲ್ಲಿ ಹೆಸರಿಲ್ಲ. ಕೃಷ್ಣನ್ನರ ಗದ್ಯ ಯಾವ ಬಗೆಯ ವಸ್ತುವಿಗೆ ತಯಾರಾಗಿತ್ತೋ ಅಂಥ ವಸ್ತು ಇದು: ಭಾವುಕತೆಗೆ ಎಡೆಗೊಡದ, ಸುಂದರವೆಂದು ಒಪ್ಪಿಸಬೇಕಾಗಿಲ್ಲದ, ಸರಿಯಾಗಿ ನೋಡಿದರೆ ಸಾಕಾದ ಜೀವ.

ಕೆರೆಗಳ ವಿಷಯ ಇನ್ನೂ ತೊಡಕಿನದು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ನಾಡನ್ನು ಕಟ್ಟಿದ್ದು ಕೆರೆ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ಕೊಳಚೆನೀರು, ಮೊದಲು ಲಕ್ಷ್ಮೀಸಾಗರ ಕೆರೆಗೆ, ಅಲ್ಲಿಂದ ಒಂದರ ನಂತರ ಒಂದಾಗಿ ಇತರ ಕೆರೆಗಳಿಗೆ ಹರಿಯತೊಡಗಿತು. ಆ ವರ್ಷವೇ ನೊರೆ ಕಾಣಿಸಿಕೊಂಡು ವಿವಾದವೂ ಎದ್ದಿತು. ಒಣಗಿದ ಕೆರೆಯಂಗಳದಲ್ಲಿ ನೀರು ನಿಂತರೆ ನಾಮಕೋಳಿ, ಗುಳುಮುಳುಕ, ಬೆಳ್ಳಕ್ಕಿಗಳು ಬರುತ್ತವೆ. ನೀರು ಯಾವ ಊರಿನ ಬಚ್ಚಲಿನದೆಂದು ಅವು ಕೇಳುವುದಿಲ್ಲ. ವಾರದ ಕೊನೆಗೆ ದುರ್ಬೀನು ಹಿಡಿದು ಬರುವ ನಗರವಾಸಿ ನೋಡುವ ಹಕ್ಕಿ ಅವನದೇ ಮನೆಯ ನೀರಿನ ಮೇಲೆ ತೇಲುತ್ತಿರಬಹುದು. ಜಂಗಲ್ ಮತ್ತು ಬ್ಯಾಕ್‌ಯಾರ್ಡ್ ಒಂದಾಗುವ ಈ ಬಗೆಯನ್ನು 1961ರಲ್ಲಿ ಯಾರೂ ಊಹಿಸಿರಲಾರರು. ಇದನ್ನು ಬರೆಯಲು ಹಕ್ಕಿಯನ್ನು ಬಲ್ಲ ಕೃಷ್ಣನ್ನರ ಕಣ್ಣೂ ಬೇಕು, ಕೆರೆಯ ಏರಿಯ ಮೇಲೆ ಕುಳಿತವರ ಜಗಳವನ್ನು ಕೇಳಿಸಿಕೊಳ್ಳಬಲ್ಲ ಸ್ವಾಮಿಯವರ ಕಿವಿಯೂ ಬೇಕು.

ಇದರ ಜೊತೆಗೆ ಭಾಷೆಯ ಪ್ರಶ್ನೆಯೊಂದಿದೆ. ಈ ಸೀಮೆಗೇ ವಿಶಿಷ್ಟವಾದದ್ದು. ಮುಳಬಾಗಿಲು, ಶ್ರೀನಿವಾಸಪುರಗಳ ಹಲವು ಮನೆಗಳಲ್ಲಿ ಆಡುವ ಮಾತು ತೆಲುಗು, ಓದು ಕನ್ನಡ. ಶ್ರೀನಿವಾಸಪುರದ ಹಳೆಯ ಮಾವಿನ ತೋಪಿನ ಪೊಟರೆಯಲ್ಲಿ ವಾಸಿಸುವ, ಬುಡುಬುಡಿಕೆಯವರ ಶಕುನದ ಮಾತಿನಲ್ಲಿ ಬರುವ ಪುಟ್ಟ ಗೂಬೆ ಕನ್ನಡದಲ್ಲಿ ಹಾಲಕ್ಕಿ. ಇದೇ ಶಬ್ದವನ್ನು ತೆಲುಗಿಗೆ ತಿರುಗಿಸಿದರೆ ಪಾಲಪಿಟ್ಟ. ಆದರೆ ತೆಲುಗಿನ ಪಾಲಪಿಟ್ಟ ಗೂಬೆಯಲ್ಲ. ದಸರೆಯ ದಿನ ನೋಡಿದರೆ ಶುಭವೆಂದು ನಂಬುವ, ತಂತಿಯ ಮೇಲೆ ಕುಳಿತು ಹಾರಿದಾಗ ನೀಲಿ ಚೆಲ್ಲುವ ನೀಲಕಂಠ, ಕರ್ನಾಟಕದ ರಾಜ್ಯಪಕ್ಷಿ. ಹಾಲಿನ ಹೆಸರು ಎರಡಕ್ಕೂ ಹೇಗೆ ಅಂಟಿತೆಂಬುದನ್ನು ಪಕ್ಷಿಶಾಸ್ತ್ರ ಹೇಳುವುದಿಲ್ಲ, ನಿಘಂಟೂ ಹೇಳುವುದಿಲ್ಲ. ರಾತ್ರಿಯ ಹಕ್ಕಿಗೂ ಹಗಲಿನ ಹಕ್ಕಿಗೂ ಒಂದೇ ಅರ್ಥದ ಹೆಸರಿಟ್ಟು, ಎರಡನ್ನೂ ಶಕುನಕ್ಕೆ ಕರೆದು, ಎಂದೂ ಗೊಂದಲಪಡದೆ ಎರಡು ಭಾಷೆಗಳಲ್ಲಿ ಬದುಕಿದ ಮನೆಗಳು ಈ ನಾಲ್ಕು ತಾಲ್ಲೂಕುಗಳಲ್ಲಿ ಇನ್ನೂ ಇವೆ. ಆ ಮನೆಗಳ ಹಿರಿಯರನ್ನು ಕೇಳಿ ಹಕ್ಕಿಗಳ ಹೆಸರುಗಳನ್ನು ಬರೆದಿಟ್ಟುಕೊಳ್ಳುವ ಕೆಲಸ, ಶಾಸನಗಳ ಮರಗಳನ್ನು ಸ್ವಾಮಿಯವರು ಬರೆದಿಟ್ಟುಕೊಂಡ ರೀತಿಯಲ್ಲಿ, ಇನ್ನೂ ನಡೆಯಬೇಕಾಗಿದೆ.