ಕಲ್ಯಾಣದ ಕಡೆಯ ಕಥೆ ಮತ್ತು ಅದರ ಓದುಗರು

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಪಟ್ಟಣದೊಳಗೆ ನೆರೆದಿದ್ದ ಶರಣರ ಬಳಗವು ಹೇಗೆ ಚೆದುರಿತೆಂಬ ವೃತ್ತಾಂತವನ್ನು ಕನ್ನಡ ನಾಡಿನ ಕವಿಗಳು ಮತ್ತೆ ಮತ್ತೆ ಬರೆದಿರುವರು. ಬಸವಣ್ಣನವರು, ಅಲ್ಲಮಪ್ರಭು, ಚೆನ್ನಬಸವಣ್ಣ, ಸಿದ್ಧರಾಮ, ಮಡಿವಾಳ ಮಾಚಯ್ಯ ಮೊದಲಾದವರ ಜೀವಿತದ ಇತರ ಭಾಗಗಳಲ್ಲಿಯೂ ಕವಿಗಳೊಳಗೆ ಮತಭೇದಗಳುಂಟು. ಆದರೆ ಅವು ಓದುಗರ ಮನಸ್ಸನ್ನು ಅಷ್ಟಾಗಿ ಕಲಕುವುದಿಲ್ಲ. ಕಡೆಯ ಭಾಗಕ್ಕೆ ಬಂದೊಡನೆ ಭೇದವು ವಿವಾದವಾಗಿ ಪರಿಣಮಿಸುತ್ತದೆ. ಈ ಕೊನೆಗಳು ಎಷ್ಟು ಬಗೆಯವು, ಒಬ್ಬೊಬ್ಬನು ಒಂದೊಂದು ಕೊನೆಯನ್ನು ಏಕೆ ಕಲ್ಪಿಸಿದನು, ಅವುಗಳ ಯೋಗ್ಯತೆಯನ್ನು ಯಾವ ಅಳತೆಗೋಲಿನಿಂದ ಅಳೆಯತಕ್ಕದ್ದು ಎಂಬ ಪ್ರಶ್ನೆಗಳು ವಿಚಾರಾರ್ಹವಾಗಿವೆ.

ಮೊದಲು ಇತಿಹಾಸವು ಹೇಳುವಷ್ಟನ್ನು ನೋಡಬಹುದು. ಕಲಚುರಿ ಬಿಜ್ಜಳನು ಚಾಲುಕ್ಯರ ಕೈಯಿಂದ ಅಧಿಕಾರವನ್ನು ಕಿತ್ತುಕೊಂಡು ಕಲ್ಯಾಣವನ್ನು ಆಳಿದನು. ೧೧೬೭-೬೮ರ ಸುಮಾರಿನಿಂದ ಅವನ ಮಗ ಸೋವಿದೇವನ ಆಳ್ವಿಕೆ ಶಾಸನಗಳಲ್ಲಿ ಕಾಣುತ್ತದೆ. ೧೨೬೦ರ ಅರ್ಜುನವಾಡದ ಶಾಸನದಲ್ಲಿ ಬಸವಣ್ಣನವರ ಹೆಸರೂ ವಂಶದ ಪ್ರಸ್ತಾಪವೂ ದೊರೆಯುತ್ತವೆ. ಆದರೆ ಶರಣರು ಊರನ್ನು ಬಿಟ್ಟ ಬಗೆಯನ್ನಾಗಲಿ ಅರಸನು ಸತ್ತ ಬಗೆಯನ್ನಾಗಲಿ ಕಥೆಯಾಗಿ ಹೇಳುವ ಸಮಕಾಲೀನ ಗ್ರಂಥವಿಲ್ಲ. ವಚನಗಳು ಬಿಡಿಬಿಡಿಯಾದ ಮಾತುಗಳು; ಅವುಗಳಿಗೆ ಕಥೆಯ ಹಂಗಿಲ್ಲ. ಬಸವಣ್ಣನವರ ಚರಿತ್ರೆಯನ್ನು ಮೊದಲು ಕನ್ನಡದಲ್ಲಿ ಬರೆದ ಹರಿಹರನ ‘ಬಸವರಾಜದೇವರ ರಗಳೆ’ಯಲ್ಲಿ ಈಗ ದೊರೆತಿರುವುದು ಹದಿಮೂರು ಸ್ಥಲಗಳು ಮಾತ್ರ, ಕಲ್ಯಾಣದ ಅಂತ್ಯವು ಅವುಗಳಲ್ಲಿ ಇಲ್ಲ. ಎಂದರೆ ಕನ್ನಡದ ಓದುಗನ ಕೈಗೆ ಬಂದಿರುವ ಮೊದಲ ಪುಸ್ತಕಕ್ಕೇ ಕಡೆಯ ಓಲೆಗಳಿಲ್ಲ. ಮುಂದಿನ ಕವಿಗಳೆಲ್ಲರೂ ಈ ಬರಿದಾದ ಎಡೆಯನ್ನು ತುಂಬಲು ಹೊರಟ ಓದುಗರೇ ಸರಿ.

ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನೂ, ಅವನನ್ನು ಅನುಸರಿಸಿ ೧೩೬೯ರಲ್ಲಿ ಭಾಮಿನೀ ಷಟ್ಪದಿಯಲ್ಲಿ ‘ಬಸವಪುರಾಣ’ವನ್ನು ರಚಿಸಿದ ಭೀಮಕವಿಯೂ ಕೊಟ್ಟಿರುವ ಕೊನೆ ಪ್ರಸಿದ್ಧವಾಗಿದೆ. ಬಿಜ್ಜಳನು ಇಬ್ಬರು ಭಕ್ತರ ಕಣ್ಣುಗಳನ್ನು ಕೀಳಿಸುತ್ತಾನೆ. ಬಸವಣ್ಣನವರು ಕಲ್ಯಾಣವನ್ನು ಬಿಟ್ಟು ಕೂಡಲಸಂಗಮಕ್ಕೆ ಹೋಗುತ್ತಾರೆ. ತಾಯಿಯ ಮೂದಲಿಕೆಯಿಂದ ಕೆರಳಿದ ಜಗದೇವನು ಮಲ್ಲಯ್ಯ ಬೊಮ್ಮಯ್ಯರೊಡನೆ ಅರಮನೆಯನ್ನು ಹೊಕ್ಕು ಅರಸನನ್ನು ಕೊಲ್ಲುತ್ತಾನೆ. ಇಲ್ಲಿ ಪುರಾಣಕಾರರಿಗೆ ಒಂದು ಕಠಿನ ಸಮಸ್ಯೆ ಎದುರಾಗಿದ್ದಿತು. ಅವರ ಶರಣರು ಸಾಮಾನ್ಯ ಮನುಷ್ಯರಲ್ಲ: ಜೋಳವನ್ನು ಮುತ್ತಾಗಿಸಬಲ್ಲವರು, ಸತ್ತವರನ್ನು ಎಬ್ಬಿಸಬಲ್ಲವರು, ಕೈಲಾಸದಿಂದ ಕಾರಣಾರ್ಥವಾಗಿ ಇಳಿದುಬಂದವರು. ಇಂಥ ಮಹಿಮಾನ್ವಿತರ ಗಣವೇ ಇರುವಾಗ ಕಲ್ಯಾಣವು ಹಾಳಾಗುವುದೆಂತು? ಈ ಸಂದೇಹವನ್ನು ಕೇಳುಗನು ಎತ್ತದೆ ಇರನು. ಕವಿಗಳು ಅದಕ್ಕೆ ಎರಡು ಸಮಾಧಾನಗಳನ್ನು ಕಂಡುಕೊಂಡರು: ಬಂದ ಕಾರ್ಯವು ಮುಗಿದುದರಿಂದ ಶರಣರು ತಾವಾಗಿ ಹಿಂದಿರುಗಿದರೆಂಬುದು ಒಂದು; ಅಪರಾಧಿಗೆ ದಂಡನೆಯಾಯಿತೆಂಬುದು ಇನ್ನೊಂದು. ಮೊದಲನೆಯದು ಸೋಲನ್ನು ಅಳಿಸುತ್ತದೆ, ಎರಡನೆಯದು ಅದರ ಹಗೆಯನ್ನು ತೀರಿಸುತ್ತದೆ.

ಹಗೆ ತೀರಿಸುವ ಈ ಕೊನೆಯು ಕೇಳುಗರಿಗೆ ಹೊಸದಾಗಿರಲಿಲ್ಲ. ಬಸವಕಲ್ಯಾಣದ ನೆರೆಯ ಹುಮನಾಬಾದದಲ್ಲಿ ವೀರಭದ್ರೇಶ್ವರನ ಪ್ರಸಿದ್ಧ ದೇವಾಲಯವಿದೆ. ಶಿವನಿಂದೆಯನ್ನು ಮಾಡಿದ ದಕ್ಷನ ಯಜ್ಞವನ್ನು ಧ್ವಂಸಮಾಡಿ ಅವನ ತಲೆಯನ್ನು ಹಾರಿಸಿದ ದೇವತೆ ವೀರಭದ್ರ. ಅವನ ಒಡಪುಗಳನ್ನು ಪುರವಂತರ ಬಾಯಿಂದ ಕೇಳಿ ಬೆಳೆದವನಿಗೆ ಜಗದೇವನ ಕಥೆಯು ಹಳೆಯ ಅಚ್ಚಿನಲ್ಲಿಯೇ ಎರಕವಾದ ಹೊಸ ಮೂರ್ತಿಯಂತೆ ತೋರುವುದು ಸಹಜ. ಪುರಾಣಕಾರರು ಭಕ್ತನಿಗೆ ರೂಢಿಯಲ್ಲಿದ್ದ ಕೊನೆಯನ್ನೇ ಕೊಟ್ಟರು. ಅದು ಕಥೆಗೆ ಬಿಗಿಯನ್ನು ಕೊಟ್ಟಿತು. ಆದರೆ ವಚನಕಾರರು ಯಾವುದರಿಂದ ವಚನಕಾರರೆನಿಸಿಕೊಂಡರೋ ಆ ಕಾಯಕ, ದಾಸೋಹ, ಅನುಭಾವಗೋಷ್ಠಿಗಳಿಗೆ ಅಲ್ಲಿ ಎಡೆಯೇ ಉಳಿಯಲಿಲ್ಲ.

ಎದುರು ಪಕ್ಷದ ಓದುಗರೂ ಸುಮ್ಮನಿರಲಿಲ್ಲ. ಜೈನಕವಿ ಧರಣಿಪಂಡಿತನ ‘ಬಿಜ್ಜಳರಾಯಚರಿತೆ’ಯಲ್ಲಿ ಅರಸನು ಕೊಲ್ಹಾಪುರದ ದಂಡಯಾತ್ರೆಯಿಂದ ಮರಳುತ್ತಿರುವಾಗ ಭೀಮಾತೀರದಲ್ಲಿ ವಿಷಪ್ರಯೋಗದಿಂದ ಸಾಯುತ್ತಾನೆ. ಪುರಾಣದ ವೀರನು ಇಲ್ಲಿ ಮೋಸಗಾರನಾಗಿದ್ದಾನೆ, ಪುರಾಣದ ಅಪರಾಧಿಯು ಇಲ್ಲಿ ಬಲಿಯಾಗಿದ್ದಾನೆ. ಎರಡು ಗ್ರಂಥಗಳೂ ಘಟನೆಯಿಂದ ಬಹುದೂರದ ಕಾಲದಲ್ಲಿ, ತಮ್ಮ ತಮ್ಮ ಸಮುದಾಯದ ಗಾಯಕ್ಕೆ ಲೇಪವಾಗಿ ಹುಟ್ಟಿದುವು. ಒಂದನ್ನು ಇತಿಹಾಸವೆಂದೂ ಇನ್ನೊಂದನ್ನು ಕಟ್ಟುಕಥೆಯೆಂದೂ ಹೇಳುವುದು ವಿಮರ್ಶೆಗೆ ಒಪ್ಪುವ ಮಾತಲ್ಲ.

ಪ್ರಿಯವಾದ ವೀರರ ಗುಂಪಿಗೆ ಕೊನೆಯನ್ನು ಕಲ್ಪಿಸುವುದೂ, ಕಲ್ಪಿಸಿದ ಕೊನೆಯನ್ನು ಓದುಗರು ಒಪ್ಪದಿರುವುದೂ ಕನ್ನಡ ನಾಡಿಗೆ ಮಾತ್ರ ಸೇರಿದ ವಿಚಾರವಲ್ಲ. ಅಮೆರಿಕದ ಚಿತ್ರಕಥಾ ಪುಸ್ತಕಗಳಲ್ಲಿ ಅತಿಮಾನುಷ ವೀರರ ಕಥೆಗಳು ತಿಂಗಳು ತಿಂಗಳೂ ಮುಂದುವರಿಯುತ್ತವೆ. ವ್ಯಾಪಾರದ ದೃಷ್ಟಿಯಿಂದ ಅವು ಮುಗಿಯುವಂತೆಯೇ ಇಲ್ಲ. ಆದುದರಿಂದ ಅಲ್ಲಿಯ ಲೇಖಕರು ಕಡೆಯ ಕಥೆಯನ್ನು ‘ಕಲ್ಪಿತ’ವೆಂಬ ಮುದ್ರೆಯೊತ್ತಿ ಬೇರೆಯಾಗಿ ಬರೆಯುವ ಪದ್ಧತಿಯುಂಟು. ಅಲನ್ ಮೂರ್ ೧೯೮೬ರಲ್ಲಿ ಸೂಪರ್‌ಮ್ಯಾನನಿಗೂ, ಪೀಟರ್ ಡೇವಿಡ್ ೧೯೯೫ರಲ್ಲಿ ಅವೆಂಜರ್ಸ್ ಎಂಬ ವೀರರ ಕೂಟಕ್ಕೂ ಇಂಥ ಕೊನೆಗಳನ್ನು ಬರೆದರು. ಮುದ್ರೆ ಬಿದ್ದಿರುವುದರಿಂದ ಒಪ್ಪದ ಓದುಗನು ಅದು ನಡೆದದ್ದಲ್ಲವೆಂದು ಬದಿಗಿಡಬಹುದು. ಕಲ್ಯಾಣದ ಕಥೆಗೆ ಅಂಥ ಮುದ್ರೆಯಿಲ್ಲ. ಅದರ ವೀರರು ಬಾಳಿದವರು, ಪೂಜ್ಯರು. ಅವರ ಹೆಸರಿನಲ್ಲಿ ಮನೆಗಳೂ ಮಠಗಳೂ ನಡೆಯುತ್ತಿವೆ. ಆದುದರಿಂದ ಇಲ್ಲಿ ಒಂದೊಂದು ಕೊನೆಯೂ ತಾನೇ ನಿಜವಾದ ಕೊನೆಯೆಂದು ಹಕ್ಕು ಹೂಡುತ್ತದೆ.

ಕೊನೆಯನ್ನು ಒಪ್ಪದ ಓದುಗನು ಮಾಡಬಹುದಾದ ಇನ್ನೊಂದು ಕೆಲಸವೆಂದರೆ ಅದನ್ನು ಮುಂದಕ್ಕೆ ಹಾಕುವುದು. ಕಾಲಜ್ಞಾನ ಸಾಹಿತ್ಯವು ಹುಟ್ಟಿದುದು ಹೀಗೆ. ವಿರೂಪಾಕ್ಷಪಂಡಿತನು ೧೫೮೪ರಲ್ಲಿ ವಾರ್ಧಕ ಷಟ್ಪದಿಯಲ್ಲಿ ಬರೆದ ‘ಚೆನ್ನಬಸವಪುರಾಣ’ದಲ್ಲಿ ಭವಿಷ್ಯತ್ತಿನ ವರ್ಣನೆ ಬರುತ್ತದೆ: ವಸಂತರಾಯನೆಂಬ ಅರಸನು ಬರುವನು, ಶರಣರು ಮರಳುವರು, ಕಲ್ಯಾಣವು ಮತ್ತೆ ಕಟ್ಟಲ್ಪಡುವುದು. ವಿಜಯನಗರವು ಆಗತಾನೆ ಹಾಳಾಗಿದ್ದಿತು. ೧೫೬೫ರ ಯುದ್ಧವಾಗಿ ಇಪ್ಪತ್ತು ವರ್ಷಗಳು ತುಂಬುವುದರೊಳಗೆ ಬರೆದ ಕವಿಗೆ ಹಾಳಾದ ರಾಜಧಾನಿಯು ಮತ್ತೆ ಎದ್ದೇಳುವುದೆಂಬ ಮಾತು ಬರಿಯ ಅಲಂಕಾರವಾಗಿರಲಾರದು. ಆದರೂ ಈ ಆಶೆಯಲ್ಲಿ ಒಂದು ಕೊರತೆಯಿದೆ. ಶರಣರು ತಮ್ಮ ಕೈಯಾರೆ ಕಟ್ಟಿದುದನ್ನು ಮರಳಿ ಕಟ್ಟಲು ಇಲ್ಲಿ ಒಬ್ಬ ರಾಜನು ಬೇಕಾಗಿದ್ದಾನೆ.

ಹಳೆಯ ಮೈಸೂರಿನ ಮಂಡ್ಯ, ಚಾಮರಾಜನಗರ ಪ್ರಾಂತಗಳಲ್ಲಿ ನೀಲಗಾರರು ಹಾಡುವ ಮಂಟೇಸ್ವಾಮಿಯ ಕಾವ್ಯವು ತೀರ ಭಿನ್ನವಾದ ಉತ್ತರವನ್ನು ಕೊಡುತ್ತದೆ. ಇಲ್ಲಿ ಕಲ್ಯಾಣವು ಬಿಜ್ಜಳನ ಕೈಯಿಂದ ಕೆಡುವುದಿಲ್ಲ. ಹೊಲಸನ್ನು ಹೊತ್ತು ಕುರೂಪಿಯಾಗಿ ಬಂದ ಮಂಟೇಸ್ವಾಮಿಯನ್ನು ಬಾಗಿಲಲ್ಲಿ ತಡೆಯುತ್ತಾರೆ. ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಲ್ಲಿ ಪರೀಕ್ಷೆಗೆ ನಿಲ್ಲುವವರು ಬಲು ವಿರಳ. ಗುರುವು ಕಲ್ಯಾಣವನ್ನು ಬಿಟ್ಟು ದಕ್ಷಿಣಕ್ಕೆ ನಡೆಯುತ್ತಾನೆ. ಸಮಾಜದ ಕೆಳಗಿನ ಮೆಟ್ಟಿಲಿನಲ್ಲಿ ನಿಂತು ಈ ಕಥೆಯನ್ನು ಕೇಳಿದವರ ಅನುಭವವು ಇಲ್ಲಿ ಮಾತಾಡಿದೆ. ಪುರಾಣಕಾರರು ಹೊರಗಿನ ಶತ್ರುವನ್ನು ಹುಡುಕಿದರೆ ನೀಲಗಾರರು ಬಾಗಿಲ ಒಳಗೆ ನೋಡಿದರು. ಬಸವಣ್ಣನವರ ಮೇಲಿನ ಭಕ್ತಿಗೆ ಇದರಿಂದ ಊನವಾಗಿಲ್ಲ. ಬಂದವನು ಯಾರೆಂಬುದನ್ನು ಅರಿತು ಬಾಗಿದವರು ಅವರೇ ಎಂದು ಕಾವ್ಯವು ಹಾಡುತ್ತದೆ.

ಆಧುನಿಕ ಲೇಖಕರು ಕೈಹಾಕಿದ ಮೇಲೆ ಕಥೆಯ ಮಧ್ಯಬಿಂದು ಬದಲಾಯಿತು. ಕಣ್ಣು ಕೀಳಿಸಿದ ಪ್ರಸಂಗಕ್ಕಿಂತ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆದ ಮದುವೆಯ ಪ್ರಸಂಗವೇ ಮುಂದೆ ನಿಂತಿತು. ಬಿ. ಪುಟ್ಟಸ್ವಾಮಯ್ಯನವರ ‘ಕ್ರಾಂತಿಕಲ್ಯಾಣ’ ಕಾದಂಬರಿಗೆ ೧೯೬೪ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ದೊರೆಯಿತು. ಪಿ. ಲಂಕೇಶರ ‘ಸಂಕ್ರಾಂತಿ’ (೧೯೭೧), ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ (೧೯೮೬), ಗಿರೀಶ ಕಾರ್ನಾಡರ ‘ತಲೆದಂಡ’ (೧೯೯೦) ಈ ಮೂರು ನಾಟಕಗಳೂ ಇದೇ ಕೊನೆಯ ಸುತ್ತ ಕಟ್ಟಿದವು. ‘ತಲೆದಂಡ’ದಲ್ಲಿ ಬಸವಣ್ಣನವರು ಹಿಂಸೆಯನ್ನು ಒಪ್ಪುವುದಿಲ್ಲ, ಕೊಲೆಯು ಅವರ ಕೈಮೀರಿ ನಡೆಯುತ್ತದೆ, ಕಡೆಗೆ ಉಳಿಯುವುದು ಸೋವಿದೇವನ ಪಟ್ಟಾಭಿಷೇಕ ಮತ್ತು ದಮನದ ಆಜ್ಞೆ. ಪುರಾಣವು ಜಯವೆಂದು ಹಾಡಿದುದನ್ನು ನಾಟಕವು ಸೋಲೆಂದು ತೋರಿಸಿದೆ. ಮಂದಿರ ಮತ್ತು ಮಂಡಲ್ ಚಳವಳಿಗಳ ಕಾಲದ ಪ್ರೇಕ್ಷಕನಿಗೆ ಆ ಸೋಲು ತನ್ನದೇ ಎಂದು ತೋರಿತು. ಹಿಂದಿಯಲ್ಲಿ ‘ರಕ್ತಕಲ್ಯಾಣ’ವೆಂಬ ಹೆಸರಿನಿಂದ ಇಬ್ರಾಹಿಂ ಅಲ್ಕಾಜಿಯವರು ದೆಹಲಿಯಲ್ಲಿ ಆಡಿಸಿದ ಮೇಲೆ ಅದು ಕನ್ನಡದ ಎಲ್ಲೆಯನ್ನೂ ದಾಟಿತು.

‘ಮಹಾಚೈತ್ರ’ದ ಅನುಭವವು ಬೇರೆ. ರಂಗದ ಮೇಲೆ ಮೆಚ್ಚುಗೆಯನ್ನು ಪಡೆದ ನಾಟಕವು ಪಠ್ಯವಾದಾಗ, ತೊಂಬತ್ತರ ದಶಕದಲ್ಲಿ, ಶರಣರಿಗೆ ಅಪಚಾರವಾಯಿತೆಂಬ ಪ್ರತಿಭಟನೆಯನ್ನು ಎದುರಿಸಬೇಕಾಯಿತು. ಈ ಕೋಪವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ. ತಾನು ದಿನವೂ ನೆನೆಯುವ ವ್ಯಕ್ತಿಯ ಮರಣವನ್ನು ಬೇರೊಬ್ಬನು ತನಗೆ ತೋಚಿದಂತೆ ಬರೆದಾಗ ನೋವಾಗುವುದು ಪ್ರೀತಿಯ ಲಕ್ಷಣವೇ. ತಪ್ಪಿರುವುದು ನೋವಿನಲ್ಲಿ ಅಲ್ಲ, ಅದರ ಹಿಂದೆ ಅಡಗಿರುವ ನಂಬಿಕೆಯಲ್ಲಿ: ಎಲ್ಲರೂ ಒಪ್ಪಿದ ಒಂದು ಕೊನೆ ಮೊದಲೇ ಇದ್ದಿತೆಂದೂ ನಾಟಕಕಾರನು ಅದನ್ನು ಕೆಡಿಸಿದನೆಂದೂ ತಿಳಿಯುವುದರಲ್ಲಿ. ಅಂಥ ಕೊನೆ ಎಂದೂ ಇರಲಿಲ್ಲವೆಂಬುದು ಮೇಲಿನ ಪರಾಮರ್ಶೆಯಿಂದ ವ್ಯಕ್ತವಾಗುತ್ತದೆ. ಇದನ್ನು ತರಗತಿಯಲ್ಲಿ ಮೊದಲು ತಿಳಿಸಿ ಆಮೇಲೆ ನಾಟಕವನ್ನು ಓದಿಸಿದರೆ ವಿದ್ಯಾರ್ಥಿಯ ಭಕ್ತಿಗೂ ಬುದ್ಧಿಗೂ ವಿರೋಧವು ಒದಗಲಾರದು.

ಹಾಗಾದರೆ ಯಾರು ಏನನ್ನು ಬರೆದರೂ ಒಂದೇ ಎಂದು ಅರ್ಥವೇ? ಅಲ್ಲ. ಮೂಲವಿಲ್ಲದ ಕಥೆಗೂ ಅಳತೆಯುಂಟು. ವೀರರು ಯಾವ ಗುಣದಿಂದ ವೀರರಾದರೋ ಆ ಗುಣವು ಕೊನೆಯಲ್ಲಿಯೂ ಕೆಲಸಮಾಡುತ್ತಿದೆಯೇ ಎಂಬುದೇ ಆ ಅಳತೆ. ಶರಣರ ವಿಷಯದಲ್ಲಿ ಆ ಗುಣವು ಮಾತು. ಎಂದರೆ ಹಿರಿಯ ಕಿರಿಯರೆನ್ನದೆ, ಗಂಡು ಹೆಣ್ಣೆನ್ನದೆ, ಎದುರು ಕುಳಿತು ಪ್ರಶ್ನಿಸಿ ತಿದ್ದಿಕೊಳ್ಳುವ ಮಾತು. ಈ ಅಳತೆಗೆ ಸಂಪೂರ್ಣವಾಗಿ ಒಪ್ಪುವ ಕೊನೆಯೊಂದು ಹಳೆಯ ಗ್ರಂಥದಲ್ಲಿಯೇ ಇದೆ. ಹದಿನೈದನೆಯ ಶತಮಾನದಿಂದ ಮುಂದೆ ಹಲವು ಕೈಗಳಲ್ಲಿ ಬೆಳೆದ ‘ಶೂನ್ಯಸಂಪಾದನೆ’ಯಲ್ಲಿ ಅರಸನ ಕೊಲೆಗೆ ಪ್ರಾಧಾನ್ಯವಿಲ್ಲ, ಶರಣರ ಐಕ್ಯವನ್ನು ಅದು ಸಂವಾದದ ಮುಗಿತಾಯವಾಗಿ ಕಾಣುತ್ತದೆ. ಅದರಲ್ಲಿ ಮೋಳಿಗೆಯ ಮಾರಯ್ಯನ ಪ್ರಸಂಗವು ವಿಶೇಷವಾಗಿ ಗಮನಾರ್ಹವಾದುದು.

ಮಾರಯ್ಯನು ಕಾಶ್ಮೀರದ ಅರಸನಾಗಿದ್ದು, ರಾಜ್ಯವನ್ನು ತೊರೆದು, ಕಲ್ಯಾಣಕ್ಕೆ ಬಂದು ಸೌದೆಯನ್ನು ಮಾರಿ ಬದುಕಿದನೆಂದು ಐತಿಹ್ಯ. ಹುಮನಾಬಾದ ತಾಲ್ಲೂಕಿನ ಮೋಳಕೇರಾ ಗ್ರಾಮದಲ್ಲಿರುವ ಗವಿಯನ್ನು ಜನರು ಅವನದೆಂದು ತೋರಿಸುತ್ತಾರೆ. ಮಾರಯ್ಯನಿಗೆ ಇಲ್ಲಿಂದ ಹೊರಟು ಕೈಲಾಸವನ್ನು ಸೇರಬೇಕೆಂಬ ಹಂಬಲ ಹುಟ್ಟುತ್ತದೆ. ಕಥೆಯನ್ನು ಓದಿ ಮುಗಿಸಿದ ಭಕ್ತನ ಹಂಬಲವೂ ಇದೇ ಅಲ್ಲವೇ? ಆದರೆ ಅವನ ಹೆಂಡತಿ ಮಹಾದೇವಿಯು ಒಪ್ಪುವುದಿಲ್ಲ. ಇದ್ದಲ್ಲಿ ಕಾಣದ ವಸ್ತುವು ಹೋದಲ್ಲಿ ಕಂಡೀತೇ ಎಂಬ ಅರ್ಥದಲ್ಲಿ ಅವಳು ಗಂಡನನ್ನು ಪ್ರಶ್ನಿಸುತ್ತಾಳೆ, ಮಾರಯ್ಯನು ತಿದ್ದಿಕೊಳ್ಳುತ್ತಾನೆ. ಇಲ್ಲಿ ಕತ್ತಿಯಿಲ್ಲ, ಶಾಪವಿಲ್ಲ, ಬರಲಿರುವ ರಾಜನೂ ಇಲ್ಲ. ಸೌದೆ ಹೊರುವವನ ಗುಡಿಸಲಿನಲ್ಲಿ ಇಬ್ಬರು ಮಾತಾಡುತ್ತಾರೆ, ಅಷ್ಟೇ. ಕಲ್ಯಾಣವು ಆ ಮಾತಿನಲ್ಲಿ ಇನ್ನೂ ನಿಂತಿದೆ. ಒಂದೇ ತಾಲ್ಲೂಕಿನಲ್ಲಿ ವೀರಭದ್ರನ ಗುಡಿಯೂ ಮಾರಯ್ಯನ ಗವಿಯೂ ಇರುವುದು, ಈ ಕಥೆಗೆ ಕೊಡಬಹುದಾದ ಎರಡು ಕೊನೆಗಳನ್ನು ನೆಲದ ಮೇಲೆಯೇ ಬರೆದಿಟ್ಟಂತಿದೆ.

ನಿಜಾಮರ ಕಾಲದಲ್ಲಿ ಕಲ್ಯಾಣಿ ಎನಿಸಿಕೊಂಡಿದ್ದ ಊರು ಈಗ ಬಸವಕಲ್ಯಾಣವಾಗಿದೆ. ೨೦೧೨ರಲ್ಲಿ ಅಲ್ಲಿ ಬಸವಣ್ಣನವರ ೧೦೮ ಅಡಿ ಎತ್ತರದ ಪ್ರತಿಮೆಯ ಅನಾವರಣವಾಯಿತು. ೨೦೨೧ರ ಜನವರಿಯಲ್ಲಿ ನೂತನ ಅನುಭವಮಂಟಪಕ್ಕೆ ಅಡಿಗಲ್ಲು ಬಿದ್ದಿತು. ಕಾಲಜ್ಞಾನದ ಆಶೆಯನ್ನು ಕಲ್ಲಿನಲ್ಲಿ ನೆರವೇರಿಸುವ ಈ ಉದ್ಯಮವೂ ಕಡೆಯ ಕಥೆಗೆ ಓದುಗರು ಕೊಟ್ಟ ಪ್ರತಿಕ್ರಿಯೆಗಳಲ್ಲಿ ಒಂದು. ಅದನ್ನೂ ಅದೇ ಅಳತೆಯಿಂದ ಅಳೆಯತಕ್ಕದ್ದು. ಬಾಗಿಲಿಗೆ ಬಂದ ಮಂಟೇಸ್ವಾಮಿಗೆ ಒಳಗೆ ಎಡೆಯುಂಟೇ, ಮಹಾದೇವಿಯ ಪ್ರಶ್ನೆಗೆ ಅಲ್ಲಿ ಕಿವಿಯುಂಟೇ ಎಂಬ ಎರಡು ಮಾತುಗಳಿಗೆ ದೊರೆಯುವ ಉತ್ತರದ ಮೇಲೆ ಆ ಮಂಟಪದ ಯೋಗ್ಯತೆಯು ನಿಲ್ಲುತ್ತದೆ.