ಸೆರಗು ಮಡಚಿಟ್ಟ ಸೀರೆ

ದೆಹಲಿಯ ಪ್ರಗತಿ ಮೈದಾನದ ಪಕ್ಕ ಚಾರ್ಲ್ಸ್ ಕೊರಿಯಾ ರೂಪಿಸಿದ ಕರಕುಶಲ ವಸ್ತುಸಂಗ್ರಹಾಲಯ ನೋಡಿದವರಿಗೆ ಬಟ್ಟೆಯ ಹಬ್ಬ ಅಂದರೆ ನಿರೀಕ್ಷೆ ಸ್ವಲ್ಪ ಜಾಸ್ತಿಯೇ. ಅದೇ ಆಸೆಯಲ್ಲಿ ಈ ಊರಿನ ಬೇರೊಂದು ಸಂಸ್ಥೆಯ ನೂಲುಹಬ್ಬಕ್ಕೆ ಹೋದೆ. ಹೆಸರು ಬೇಡ ಬಿಡಿ.

ಬಂಗಾಳದ ಕಾಂಥಾ, ಕಛ್‌ನ ಅಜ್ರಖ್ ಚೆನ್ನಾಗಿದ್ದವು. ನನ್ನ ತಕರಾರು ನಮ್ಮ ಮೂಲೆಯದು. ಇಳಕಲ್ ಸೀರೆಯನ್ನು ಗಾಜಿನೊಳಗೆ ಇಟ್ಟಿದ್ದರು, ಸೆರಗನ್ನೇ ಒಳಗೆ ಮಡಚಿ! ಕಸುಬಿನ ಗುಟ್ಟು ಇರುವುದೇ ಅಲ್ಲಿ. ಮೈಯ ಹಾಸಿಗೆ ಸೆರಗಿನ ಕೆಂಪು ರೇಷ್ಮೆ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು, ಅದೂ ಪ್ರತಿ ಸೀರೆಗೂ ಹೊಸದಾಗಿ. ಅದನ್ನು ಮುಚ್ಚಿಟ್ಟ ಮೇಲೆ ಉಳಿದದ್ದು ಬರೀ ಬಣ್ಣ.

ಕಸೂತಿ ಪಾಠ ಇನ್ನೂ ವಿಚಿತ್ರ. ಒಂದು ಗಂಟೆಯಲ್ಲಿ ಕಲಿಸುತ್ತೇವೆಂದು ಚಿತ್ರ ಅಚ್ಚೊತ್ತಿದ ಬಟ್ಟೆ ಹಂಚಿದರು. ಗವಂತಿ, ಮುರಗಿ, ನೇಗಿ, ಮೆಂಥಿ ಯಾವುದಕ್ಕೂ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆ ಎಣಿಸಿಯೇ ಹಾಕಬೇಕು. ಗವಂತಿಯಂತೂ ಗಂಟಿಲ್ಲದೆ, ಹಿಂದೆ ಮುಂದೆ ಒಂದೇ ಥರ ಕಾಣಬೇಕು.

"ನೀವಾದರೂ ಹೇಳಬಹುದಿತ್ತಲ್ಲಮ್ಮ" ಎಂದೆ, ಧಾರವಾಡದಿಂದ ಬಂದಿದ್ದ ಹೆಣ್ಣುಮಗಳಿಗೆ.

"ಹೇಳೇನ್ರಿ ಸರ್. ಎಣಿಸ್ಕೋತ ಕುಂತ್ರ ಮಂದಿ ಎದ್ದು ಹೋಗ್ತಾರ ಅಂದ್ರು."

ಬ್ಯಾಂಕಿನಲ್ಲಿ ಎಣಿಸುತ್ತಲೇ ಆಯುಷ್ಯ ಕಳೆದ ನನಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಅಲ್ಲೇ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಹಂಚಿದ ಬಟ್ಟೆಯನ್ನು ತಿರುವಿ, ಚಿತ್ರವಿಲ್ಲದ ಬದಿಯಲ್ಲಿ, ಆಕೆಯ ಕೈ ನೋಡುತ್ತ ಏಕ್, ದೋ, ತೀನ್ ಎಂದು ಎಳೆ ಲೆಕ್ಕ ಹಾಕುತ್ತಿದ್ದಳು. ಗಂಟೆ ಮುಗಿಯಿತೆಂದು ಕರೆದರೂ ಏಳಲಿಲ್ಲ.